ಎಂಎಲ್‌ಎ ಹಿಂದೆ ‘ಆ್ಯನ್’ ಏಕೆ?

ಪ್ರಶ್ನೆ: ಎಂಟನೆಯ ತರಗತಿಯಲ್ಲಿರುವ ನನ್ನ ಮಗಳು ಬರೆದ ‘ಎ ಎಂಎಲ್‌ಎ’ಯನ್ನು ಶಿಕ್ಷಕರು ‘ಆ್ಯನ್ ಎಂಎಲ್‌ಎ’ ಎಂದೂ ‘ಆ್ಯನ್ ಯೂನಿವರ್ಸಿಟಿ’ಯನ್ನು ‘ಎ ಯೂನಿವರ್ಸಿಟಿ’ ಎಂದೂ ತಿದ್ದಿದ್ದಾರೆ. ಎ, ಇ, ಐ, ಓ, ಯು ಅಕ್ಷರಗಳ ಹಿಂದೆ ‘ಆ್ಯನ್’ ಬರುತ್ತದೆ ಎಂದು ನಾನೇ ಅವಳಿಗೆ ಹೇಳಿಕೊಟ್ಟಿದ್ದೆ. ಯಾವುದು ಸರಿ?
– ಓದುಗರೊಬ್ಬರು, ಹಾಸನ

ಉತ್ತರ: ಶಿಕ್ಷಕರು ತಿದ್ದಿದ್ದು ಎರಡೂ ಕಡೆ ಸರಿಯಾಗಿದೆ. ‘ಎ’ ಅಥವಾ ‘ಆ್ಯನ್’ ಎಂಬುದನ್ನು ನಿರ್ಧರಿಸುವುದು ಮುಂದಿನ ಪದದ ಮೊದಲ ಅಕ್ಷರವಲ್ಲ, ಮೊದಲ ಉಚ್ಚಾರ. ಎಂಎಲ್‌ಎ ಎನ್ನುವಾಗ ಬಾಯಿಂದ ಮೊದಲು ಹೊರಡುವುದು ‘ಎ’ಕಾರ, ಯೂನಿವರ್ಸಿಟಿ ಎನ್ನುವಾಗ ‘ಯ’ಕಾರ. ಹೀಗಾಗಿಯೇ ಎಚ್ ಉಚ್ಚಾರವಾಗದ ‘ಅವರ್’ ಪದಕ್ಕೆ ‘ಆ್ಯನ್’ ಬಂದರೆ, ಓ ಅಕ್ಷರದಿಂದ ಬರೆದರೂ ‘ವನ್’ ಎಂದು ಉಚ್ಚರಿಸುವ ಪದಕ್ಕೆ ‘ಎ’ ಬರುತ್ತದೆ: ‘ಎ ವನ್ ರುಪೀ ಕಾಯಿನ್’. ಸಂಸ್ಕೃತದಿಂದ ಬಂದ ನಿಷೇಧಾರ್ಥದ ‘ಅ’ ನಿಮಗೆ ಗೊತ್ತೇ ಇದೆ. ಧರ್ಮಕ್ಕೆ ಅಧರ್ಮ, ಆಚಾರಕ್ಕೆ ಅನಾಚಾರ. ಅರ್ಥ ಬೇರೆಯಾದರೂ ಸ್ವರದ ಹಿಂದೆ ನಕಾರ ಕಾಣಿಸಿಕೊಳ್ಳುವ ಕ್ರಮ ಒಂದೇ.

ಇಂಗ್ಲಿಷಿನಲ್ಲಿ ‘ಆ್ಯನ್’ ರೂಪವೇ ಹಳೆಯದು. ಹಳೆಯ ಇಂಗ್ಲಿಷಿನಲ್ಲಿ ‘ಒಂದು’ ಎಂಬ ಅರ್ಥದಲ್ಲಿದ್ದ ‘ಆನ್’ ಪದದ ನಕಾರ ವ್ಯಂಜನದ ಹಿಂದೆ ಕ್ರಮೇಣ ಬಿದ್ದುಹೋಗಿ ‘ಎ’ ಉಳಿಯಿತು. ಈ ನಕಾರ ಯಾವ ಪದಕ್ಕೆ ಸೇರಿದ್ದೆಂದು ಆಡುವವರಿಗೇ ಗೊಂದಲವಾದದ್ದೂ ಉಂಟು. ಫ್ರೆಂಚಿನಿಂದ ಬಂದ ‘ನೂಂಪರ್’ ಎಂಬ ಪದದ ನಕಾರ ಹಿಂದಿನ ‘ಎ’ಗೆ ಅಂಟಿಕೊಂಡದ್ದರಿಂದಲೇ ಇಂದು ಕ್ರಿಕೆಟ್ ಮೈದಾನದಲ್ಲಿ ‘ಆ್ಯನ್ ಅಂಪೈರ್’ ನಿಂತಿರುತ್ತಾರೆ.

ಆದರೆ ‘ಕಿವಿಯಿಂದ ಕೇಳಿ ಬರೆ’ ಎಂದಷ್ಟೇ ಮಗಳಿಗೆ ಹೇಳಿದರೆ ಸಾಲದು, ಏಕೆಂದರೆ ನಮ್ಮ ನಾಲಗೆಗೆ ಕನ್ನಡದ ರೂಢಿಯಿದೆ. ಎಲ್ಲಿ ಎಂದು ಬರೆದು ‘ಯೆಲ್ಲಿ’ ಎಂದೂ ಒಂದು ಎಂದು ಬರೆದು ‘ವೊಂದು’ ಎಂದೂ ಆಡುವ ನಾವು, ಎಗ್ ಪದವನ್ನು ‘ಯೆಗ್’ ಎಂದೂ ಎಂಎಲ್‌ಎಯನ್ನು ‘ಯೆಮ್ಮೆಲ್ಲೆ’ ಎಂದೂ ಅರಿವಿಲ್ಲದೆಯೇ ಉಚ್ಚರಿಸುತ್ತೇವೆ. ಹಾಗೆ ಕೇಳಿಸಿಕೊಂಡ ಮಗು ‘ಎ ಎಗ್’ ಎಂದು ಬರೆದರೆ ಅದು ನಿಯಮ ಮರೆತದ್ದರಿಂದಲ್ಲ, ಕಿವಿಗೆ ಬಿದ್ದ ಯಕಾರವನ್ನು ನಂಬಿದ್ದರಿಂದ. ಆದ್ದರಿಂದ ಎಗ್, ಎಂಎಲ್‌ಎ, ಓಲ್ಡ್ ಮುಂತಾದ ಪದಗಳನ್ನು ಯಕಾರ, ವಕಾರಗಳ ಸೋಂಕಿಲ್ಲದೆ, ನೇರವಾಗಿ ಸ್ವರದಿಂದಲೇ ಆರಂಭಿಸಿ, ಹಿಂದೆ ‘ಆ್ಯನ್’ ಸೇರಿಸಿ ಒಂದೇ ಉಸಿರಿನಲ್ಲಿ ಅವಳಿಂದ ಗಟ್ಟಿಯಾಗಿ ಹೇಳಿಸಿ. ‘ಆ್ಯನೆಗ್’ ಎಂದು ನಾಲಗೆ ಸಲೀಸಾಗಿ ಹೊರಳತೊಡಗಿದ ಮೇಲೆ ‘ಎ ಎಗ್’ ಎಂಬುದು ಅವಳ ಕಿವಿಗೇ ಒಗ್ಗುವುದಿಲ್ಲ.