ಬಿಎಸ್‌ಎನ್‌ಎಲ್ 4ಜಿ ನಂಬಿ ಎಂಟಿಎನ್‌ಎಲ್ ಷೇರು ತೆಗೆದುಕೊಳ್ಳಬಹುದಾ?

ಬಿಎಸ್‌ಎನ್‌ಎಲ್ 4ಜಿ ಬಂತು, ಹಾಗಾದರೆ ಎಂಟಿಎನ್‌ಎಲ್ ಷೇರು ಏರುತ್ತದಾ ಅಂತ ಕೇಳಿದ್ದೀರಿ. ನನ್ನ ಉತ್ತರ ನೇರ: ಆ ಕಾರಣಕ್ಕೆ ತೆಗೆದುಕೊಳ್ಳಬೇಡಿ.

ಬಿಎಸ್‌ಎನ್‌ಎಲ್ ಪೂರ್ತಿ ಸರ್ಕಾರದ್ದು, ಅದರ ಷೇರು ಮಾರುಕಟ್ಟೆಯಲ್ಲೇ ಇಲ್ಲ. ಸಿಗುವುದು ದೆಹಲಿ, ಮುಂಬೈಯ ಸರ್ಕಾರಿ ಫೋನ್ ಕಂಪನಿ ಎಂಟಿಎನ್‌ಎಲ್‌ನ ಷೇರು ಮಾತ್ರ. 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾದ ಸ್ವದೇಶಿ 4ಜಿ, ಆ ಸುಮಾರು 97,500 ಟವರ್, ಎಲ್ಲ ನಿಜ, ನನಗೂ ಹೆಮ್ಮೆ ಇದೆ, ಅದರ ರೇಡಿಯೋ ಉಪಕರಣ ಮಾಡಿದ ತೇಜಸ್ ನೆಟ್‌ವರ್ಕ್ಸ್ ಕಂಪನಿ ನಮ್ಮ ಬೆಂಗಳೂರಿನದೇ ಅಲ್ವಾ. ಆದರೆ ಆ ಟವರಿನ ಆದಾಯ ಎಂಟಿಎನ್‌ಎಲ್ ಷೇರುದಾರರಿಗೆ ಬರುವುದಿಲ್ಲ.

ಎಂಟಿಎನ್‌ಎಲ್ ಸಾಲ ನೋಡಿ, 30,000 ಕೋಟಿ ರೂಪಾಯಿಗೂ ಜಾಸ್ತಿ. ಬ್ಯಾಂಕಿನ ಕಂತು ಕಟ್ಟಲಾಗಿಲ್ಲ ಅಂತ ಕಂಪನಿಯೇ ಷೇರುಪೇಟೆಗೆ ಬರೆದು ತಿಳಿಸಿದೆ. "ಸರ್ಕಾರದ ಗ್ಯಾರಂಟಿ ಇದೆಯಲ್ಲ" ಅನ್ನುವವರು ಒಂದು ವಿಷಯ ಗಮನಿಸಬೇಕು: ಗ್ಯಾರಂಟಿ ಇರುವುದು ಬಾಂಡ್ (ಸಾಲಪತ್ರ) ಕೊಂಡವರಿಗೆ, ಷೇರು ಕೊಂಡವರಿಗಲ್ಲ.

ಎಂಟಿಎನ್‌ಎಲ್ ಅನ್ನು ಬಿಎಸ್‌ಎನ್‌ಎಲ್ ಜೊತೆ ಸೇರಿಸುವ ವಿಲೀನದ ಮಾತು 2019ರಿಂದ ನಡೆಯುತ್ತಲೇ ಇದೆ. ಸುದ್ದಿ ಬಂದಾಗೆಲ್ಲ ಷೇರು ಹಾರುತ್ತದೆ, 2024ರ ಜುಲೈಯಲ್ಲಿ ಒಂದೇ ತಿಂಗಳಲ್ಲಿ ದುಪ್ಪಟ್ಟಾಯಿತು, ಆಮೇಲೆ ಇಳಿಯಿತು, ಜಾಸ್ತಿ ಬೆಲೆಗೆ ಕೊಂಡ ಸಣ್ಣ ಹೂಡಿಕೆದಾರರು ಸಿಕ್ಕಿಬಿದ್ದರು. ಅದು ನೋಡಿ ನಿಜಕ್ಕೂ ಬೇಜಾರಾಗುತ್ತದೆ.

ಎಂಟಿಎನ್‌ಎಲ್ ಜಾಗಗಳಿಗೆ ಬೆಲೆ ಇದೆ, ಒಪ್ಪುತ್ತೇನೆ. ಮಾರಿದರೂ ದುಡ್ಡು ಮೊದಲು ಸಾಲ ಕೊಟ್ಟವರಿಗೆ ಹೋಗುತ್ತದೆ. ಈಗಾಗಲೇ ಕೊಂಡಿದ್ದರೆ ಎಷ್ಟಕ್ಕೆ ಕೊಂಡಿರಿ ಅಂತ ಬರೆಯಿರಿ. ಇನ್ನೂ ಕೊಂಡಿಲ್ಲದಿದ್ದರೆ ಮೊದಲು ಕಳೆದ ನಾಲ್ಕು ತ್ರೈಮಾಸಿಕದ ಬಡ್ಡಿ ವೆಚ್ಚವನ್ನು ಆದಾಯದ ಪಕ್ಕ ಇಟ್ಟು ನೋಡಿ.