ಸಂಪಾದಕರ ಉತ್ತರ: ಇಇಜಿ, ಜನರೇಟಿವ್ ಮಾದರಿ ಮತ್ತು ಬಳ್ಳಾರಿಯಲ್ಲೊಂದು ಪಿಎಚ್‌ಡಿ

ಗಂಗಾವತಿಯ ಕಾಲೇಜು ಅಧ್ಯಾಪಕಿಯೊಬ್ಬರು ಬರೆದಿದ್ದಾರೆ: "ಕಣ್ಣು ನೋಡಿದ ಚಿತ್ರವನ್ನು ಮೆದುಳಿನ ಸ್ಕ್ಯಾನ್ ನೋಡಿ ಎಐ ಮತ್ತೆ ಬಿಡಿಸುತ್ತದೆಂದು ಓದಿದೆ. ಜನರೇಟಿವ್ ಮಾದರಿಗಳಿಂದ (ಹೊಸ ದತ್ತಾಂಶ ಸೃಷ್ಟಿಸುವ ಎಐ) ಮೆದುಳಿನ ಚಟುವಟಿಕೆಯನ್ನು ರೂಪಿಸುವ ವಿಷಯದಲ್ಲಿ ಪಿಎಚ್‌ಡಿ ಮಾಡುವಾಸೆ. ಬಳ್ಳಾರಿಯಲ್ಲಿದ್ದುಕೊಂಡು ಆದೀತೇ?"

ಆದೀತು. ಆದರೆ ಚಿತ್ರ ಬಿಡಿಸುವ ಕೆಲಸ ಬೇಡ. ನೀವು ಓದಿದ್ದು ಬಹುಶಃ ಜಪಾನಿನ ತಕಾಗಿ ಮತ್ತು ನಿಶಿಮೊಟೊ 2023ರಲ್ಲಿ ಪ್ರಕಟಿಸಿದ ಕೆಲಸ. ಅದರ ಹಿಂದಿರುವ ದತ್ತಾಂಶಕ್ಕಾಗಿ ಅಮೆರಿಕದಲ್ಲಿ ಎಂಟು ಜನ ಸುಮಾರು ಒಂದು ವರ್ಷ, ತಲಾ 30ರಿಂದ 40 ಬಾರಿ, 7 ಟೆಸ್ಲಾ ಎಂಆರ್‌ಐ ಯಂತ್ರದೊಳಗೆ ಮಲಗಿದ್ದರು. ಮೆದುಳಿನ ಸಂಕೇತವನ್ನು ಚಿತ್ರಕ್ಕೆ ಜೋಡಿಸಿದ್ದು ಒಂದು ಸರಳ ರೇಖೀಯ ಸೂತ್ರ. ಚಿತ್ರದ ಅಂದವೆಲ್ಲ ಚಿತ್ರ ಸೃಷ್ಟಿಸುವ ಎಐ ಆದ ಸ್ಟೇಬಲ್ ಡಿಫ್ಯೂಷನ್‌ನದು. ಸಂಕೇತವನ್ನು ಕಲಸಿ ಕೊಟ್ಟರೂ ಆ ಮಾದರಿ ಚೆಂದದ ಚಿತ್ರವನ್ನೇ ಕೊಡುತ್ತದೆ, ತಪ್ಪು ಚಿತ್ರ ಅಷ್ಟೆ.

ನಿಮಗೆ ಒಗ್ಗುವುದು ಇಇಜಿ, ಅಂದರೆ ನೆತ್ತಿಯ ಮೇಲೆ ಎಲೆಕ್ಟ್ರೋಡ್ ಇಟ್ಟು ಮೆದುಳಿನ ವಿದ್ಯುತ್ ಅಲೆ ಅಳೆಯುವುದು. ಆಸ್ಟ್ರಿಯಾದ ಗ್ರಾಟ್ಸ್‌ನ ಬಿಸಿಐ (ಮೆದುಳು-ಕಂಪ್ಯೂಟರ್ ಸಂಪರ್ಕ) ಕಾಂಪಿಟಿಷನ್ 4, 2ಎ ದತ್ತಾಂಶ ಮುಕ್ತವಾಗಿ ಸಿಗುತ್ತದೆ: 9 ಜನ, 22 ಇಇಜಿ ಚಾನೆಲ್, ಕಣ್ಣಿನ ಚಲನೆಗೆ ಇನ್ನೂ 3, ಸೆಕೆಂಡಿಗೆ 250 ಅಳತೆ, ತಲಾ ಎರಡು ದಿನ, ದಿನಕ್ಕೆ 288 ಪ್ರಯತ್ನ. ಎಡಗೈ, ಬಲಗೈ, ಕಾಲು, ನಾಲಿಗೆಯ ಚಲನೆಯನ್ನು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳುವುದು ಕೆಲಸ. ಒಟ್ಟು 5,184 ಪ್ರಯತ್ನ. ಡೀಪ್ ಲರ್ನಿಂಗ್‌ಗೆ ಇದು ಬಲು ಕಡಿಮೆ. ಕೃತಕ ಇಇಜಿ ಸೃಷ್ಟಿಸಿ ಈ ಕೊರತೆ ತುಂಬಲಾದೀತೇ ಎಂಬುದು ಒಳ್ಳೆಯ ಪ್ರಬಂಧ ವಸ್ತು. ಒಂದು ಸಾಧಾರಣ ಜಿಪಿಯು ಸಾಕು. ಕರೆಂಟ್ ಹೋಗುವ ಊರಲ್ಲಿ ಮಾತ್ರ ಪ್ರತಿ ಇಪಾಕ್‌ಗೂ (ದತ್ತಾಂಶದ ಮೇಲಿನ ತರಬೇತಿಯ ಒಂದು ಸುತ್ತು) ಚೆಕ್‌ಪಾಯಿಂಟ್, ಅಂದರೆ ಅಲ್ಲಿಯವರೆಗಿನ ಮಾದರಿಯ ಪ್ರತಿ, ಉಳಿಸಿಕೊಳ್ಳಿ.

ಹೆಚ್ಚಿನವರು ಎಡವುವುದು ಮೊದಲ ಮಾದರಿಯಲ್ಲೇ. ವೇರಿಯೇಷನಲ್ ಆಟೊಎನ್‌ಕೋಡರ್ (ಅಲೆಯನ್ನು ಕೆಲವೇ ಸಂಖ್ಯೆಗಳಿಗೆ ಕುಗ್ಗಿಸಿ ಮತ್ತೆ ಬಿಡಿಸುವ ಮಾದರಿ) ಕಟ್ಟಿ, ಮೀನ್ ಸ್ಕ್ವೇರ್ಡ್ ಎರರ್ ಅನ್ನು ಲಾಸ್ ಆಗಿ (ತಗ್ಗಿಸಬೇಕಾದ ದೋಷವಾಗಿ) ಕೊಟ್ಟು ತರಬೇತಿ ಮಾಡುತ್ತಾರೆ. ಲಾಸ್ ಇಳಿಯುತ್ತದೆ, ಹೊರಬಂದ ಅಲೆ ನುಣ್ಣಗಿರುತ್ತದೆ, ಖುಷಿಯಾಗುತ್ತದೆ. ಪವರ್ ಸ್ಪೆಕ್ಟ್ರಮ್ (ಯಾವ ಆವರ್ತನದಲ್ಲಿ ಎಷ್ಟು ಶಕ್ತಿ ಎಂಬ ಚಿತ್ರ) ತೆಗೆದು ನೋಡಿದರೆ 8ರಿಂದ 13 ಹರ್ಟ್ಜ್‌ನ ಗುಡ್ಡವೇ ಮಾಯ! ಆ ಲಯದ ಫೇಸ್ (ಏರಿಳಿತ ಶುರುವಾಗುವ ಹಂತ) ಪ್ರತಿ ಪ್ರಯತ್ನದಲ್ಲೂ ಬೇರೆ. ಚಿಕ್ಕ ಲೇಟೆಂಟ್‌ನಲ್ಲಿ (ಕುಗ್ಗಿಸಿದ ಸಂಖ್ಯೆಗಳಲ್ಲಿ) ಫೇಸ್ ಉಳಿಯದಿದ್ದಾಗ, ಅಲೆಯನ್ನು ಮತ್ತೆ ಬಿಡಿಸುವ ಡಿಕೋಡರ್ ಸರಾಸರಿಯನ್ನು ಬರೆದು ದೋಷ ತಗ್ಗಿಸಿಕೊಳ್ಳುತ್ತದೆ, ಫೇಸ್ ಹೊಂದದ ಅಲೆಗಳ ಸರಾಸರಿಯೋ ಸೊನ್ನೆಯ ಹತ್ತಿರ. ಕೈ ಚಲನೆ ಕಲ್ಪಿಸಿಕೊಂಡಾಗ ಮೆದುಳಿನ ಎದುರು ಬದಿಯಲ್ಲಿ ಕುಗ್ಗುವುದು ಇದೇ ಲಯ. ಅಂದರೆ ಮಾದರಿ ಬಿಸಾಡಿದ್ದು ನಿಮಗೆ ಬೇಕಾದ ಸಂಕೇತವನ್ನೇ. ಲಾಸ್‌ಗೆ ಸ್ಪೆಕ್ಟ್ರಮ್‌ನ ವ್ಯತ್ಯಾಸವನ್ನೂ ಸೇರಿಸಿ, ಇಲ್ಲವೇ ಗದ್ದಲದಿಂದ ಶುರುಮಾಡಿ ಹಂತ ಹಂತವಾಗಿ ಸಂಕೇತ ಬಿಡಿಸುವ ಡಿಫ್ಯೂಷನ್ ಮಾದರಿಗೆ ಹೋಗಿ. ಗ್ಯಾನ್ (ಸೃಷ್ಟಿಸುವ, ಅದನ್ನು ಪತ್ತೆಹಚ್ಚುವ ಎರಡು ಜಾಲಗಳ ಪೈಪೋಟಿಯಿಂದ ಕಲಿಯುವ ಮಾದರಿ) ಆದರೆ ಕೆಲವೇ ನಮೂನೆಗಳನ್ನು ಮತ್ತೆ ಮತ್ತೆ ಉಗುಳುವ ಕಾಟ ಬೇರೆ.

ಇನ್ನೊಂದು ತಪ್ಪು, ಪರೀಕ್ಷೆಯ ದತ್ತಾಂಶ ತರಬೇತಿಗೆ ಸೋರುವುದು, ಪ್ರಕಟಿತ ಪ್ರಬಂಧಗಳಲ್ಲೂ ಕಾಣುತ್ತದೆ. ಒಂಬತ್ತೂ ಜನರ ದತ್ತಾಂಶದಿಂದ ಜನರೇಟರ್ ಕಲಿಸಿ, ಆಮೇಲೆ ವರ್ಗೀಕಾರಕಕ್ಕೆ (ಯಾವ ಚಲನೆಯೆಂದು ಗುರುತಿಸುವ ಮಾದರಿ) ಮಾತ್ರ ಒಬ್ಬರನ್ನು ಪರೀಕ್ಷೆಗೆ ಬಿಡುತ್ತಾರೆ. ಆ ಒಬ್ಬರ ಛಾಯೆ ಕೃತಕ ಇಇಜಿಯೊಳಗೆ ಆಗಲೇ ಬಂದು ಕೂತಿರುತ್ತದೆ. ಪ್ರತಿ ಸುತ್ತಿಗೂ ಉಳಿದ ಎಂಟು ಜನರಿಂದಲೇ ಜನರೇಟರ್ ಹೊಸದಾಗಿ ಕಲಿಯಬೇಕು. ನಾರ್ಮಲೈಸ್ ಮಾಡುವ (ಅಳತೆಗಳನ್ನು ಒಂದೇ ಪ್ರಮಾಣಕ್ಕೆ ತರುವ) ಸರಾಸರಿ, ವಿಚಲನೆಗಳೂ ಅವರವೇ ಇರಲಿ. ಒಂಬತ್ತು ಪಟ್ಟು ಸಮಯ ಬೇಕು, ಬೇರೆ ದಾರಿಯಿಲ್ಲ. ಹೋಲಿಕೆಗೆ ಇಇಜಿಗೆಂದೇ ಮಾಡಿದ ಚಿಕ್ಕ ವರ್ಗೀಕಾರಕ ಇಇಜಿನೆಟ್ ಇರಲಿ, ಜತೆಗೆ ದತ್ತಾಂಶ ಹೆಚ್ಚಿಸಲು ಗದ್ದಲ ಬೆರೆಸುವ, ಸಮಯ ಸರಿಸುವ ಅಗ್ಗದ ಉಪಾಯಗಳೂ ಇರಲಿ. ನಾಲ್ಕು ವರ್ಗಗಳಿಗೆ ಕುರುಡು ಊಹೆಯೇ ಶೇ 25 ಕೊಡುತ್ತದೆ. ನಿಮ್ಮ ಜನರೇಟರ್ ಆ ಅಗ್ಗದ ಉಪಾಯವನ್ನು ಮೀರದಿದ್ದರೆ ಹಾಗೆಂದೇ ಬರೆಯಿರಿ. ನಮ್ಮ ಮಟ್ಟಿಗೆ ಅದೂ ಫಲಿತಾಂಶವೇ.

ಸ್ವಂತ ರೆಕಾರ್ಡಿಂಗ್ ಮೂರನೇ ವರ್ಷಕ್ಕಿರಲಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ನೈತಿಕ ಸಮಿತಿಯ ಒಪ್ಪಿಗೆ, ಕನ್ನಡದಲ್ಲೇ ಸಮ್ಮತಿ ಪತ್ರ ಬೇಕು. ನಮ್ಮ ಕಡೆಯ ತೊಡಕುಗಳೇ ಬೇರೆ: ತಲೆಗೆ ಎಣ್ಣೆ ಹಚ್ಚಿ ಬಂದವರಲ್ಲಿ ಇಂಪೀಡೆನ್ಸ್ (ಎಲೆಕ್ಟ್ರೋಡ್ ಮತ್ತು ಚರ್ಮದ ನಡುವಿನ ವಿದ್ಯುತ್ ತಡೆ) 5 ಕಿಲೋಓಮ್‌ಗೆ ಇಳಿಯುವುದೇ ಇಲ್ಲ, ಹಿಂದಿನ ರಾತ್ರಿ ಶಾಂಪೂ ಹಾಕಿ ಬರಲು ಹೇಳಿ. ಏಪ್ರಿಲ್, ಮೇ ಬೇಸಿಗೆಯಲ್ಲಿ ಬೆವರು ಬೇಸ್‌ಲೈನನ್ನೇ (ಸಂಕೇತದ ತಳಮಟ್ಟ) ನಿಧಾನಕ್ಕೆ ತೇಲಿಸುತ್ತದೆ. 1 ಹರ್ಟ್ಜ್ ಹೈಪಾಸ್ ಫಿಲ್ಟರ್ (ಅದಕ್ಕಿಂತ ನಿಧಾನದ ಏರಿಳಿತ ತಡೆಯುವುದು) ಅದನ್ನು ಬಹುಮಟ್ಟಿಗೆ ಕಳೆಯುತ್ತದೆ, ಆದರೂ ನವೆಂಬರ್‌ನಿಂದ ಫೆಬ್ರವರಿಯೊಳಗೆ ಮುಗಿಸಿಕೊಳ್ಳುವುದು ಮೇಲು. ಕೂಲರ್, ಟ್ಯೂಬ್‌ಲೈಟ್ ಆರಿಸಿ, ಉಳಿದ 50 ಹರ್ಟ್ಜ್ ಕರೆಂಟ್ ಗದ್ದಲಕ್ಕೆ ನಾಚ್ ಫಿಲ್ಟರ್ (ಆ ಒಂದು ಆವರ್ತನವನ್ನೇ ಕತ್ತರಿಸುವುದು) ಇದೆ. ಕಣ್ಣಿನ ಚಾನೆಲ್ ಬಿಡಬೇಡಿ: ಇಇಜಿ ಹೆಚ್ಚೆಂದರೆ 100 ಮೈಕ್ರೋವೋಲ್ಟ್ ಆಸುಪಾಸು, ರೆಪ್ಪೆ ಬಡಿತ ಅದನ್ನೂ ಮೀರುತ್ತದೆ. ತೆಗೆಯದೆ ಬಿಟ್ಟರೆ ಜನರೇಟರ್ ಎಲ್ಲಕ್ಕಿಂತ ಮೊದಲು ಕಲಿಯುವುದು ರೆಪ್ಪೆ ಬಡಿಯುವುದನ್ನು.