ನೀವು ಕೇಳಿದ್ರಿ: ನಗೆ ಬರೆಯುವವರು, ಬೇಸ್‌ಬಾಲ್ ಹೇಳುವವರು

ಹೋದ ಸಂಚಿಕೆಯಲ್ಲಿ ಅಮೆರಿಕದ ಟಿವಿ ಕಾಮಿಡಿ ಬಗ್ಗೆ ಎರಡು ಪುಟ, ಅಲ್ಲಿನ ಬೇಸ್‌ಬಾಲ್ ಕಾಮೆಂಟರಿ ಬಗ್ಗೆ ಒಂದು ಪುಟ ಬರೆದಿದ್ದೆ. ಇಷ್ಟೊಂದು ಪ್ರಶ್ನೆ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ, ತುಂಬಾ ಖುಷಿಯಾಯಿತು. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇನೆ.

ಪ್ರಶ್ನೆ: ಒಂದು ಕಾಮಿಡಿ ಶೋವನ್ನು ಹತ್ತು ಹನ್ನೆರಡು ಜನ ಕೂತು ಬರೆಯುತ್ತಾರಂತೆ. ಅಷ್ಟು ಜನ ಸೇರಿ ಒಂದು ಕಥೆ ಬರೆಯೋಕೆ ಆಗುತ್ತಾ? ಹೆಸರು ಮಾತ್ರ ಒಬ್ಬರದ್ದೇ ಬರುತ್ತದಲ್ಲ?

ಉತ್ತರ: ಕಥೆ ಕಟ್ಟುವುದು ಎಲ್ಲರೂ ಸೇರಿ. ಮೊದಲ ಕರಡು ಬರೆಯುವುದು ಒಬ್ಬರು ಅಥವಾ ಒಂದು ಜೋಡಿ. ತಿದ್ದುವುದು ಮತ್ತೆ ಎಲ್ಲರೂ ಸೇರಿ. ಸಾಮಾನ್ಯವಾಗಿ ಹೆಸರು ಬರುವುದು ಆ ಮೊದಲ ಕರಡು ಬರೆದವರದ್ದು, ಆದರೆ ನೀವು ಹೊಟ್ಟೆ ಹಿಡಿದು ನಕ್ಕ ಸಾಲು ಟೇಬಲ್ಲಿನ ಆಚೆ ತುದಿಯಲ್ಲಿ ಕೂತ ಬೇರೆ ಯಾರದ್ದೋ ಆಗಿರಬಹುದು. ಮುಂದಿನ ವಾರ ಅವರ ಸರದಿ, ಆಗ ಇವರ ಸಾಲು ಅವರ ಹೆಸರಲ್ಲಿ ಹೋಗುತ್ತದೆ.

ರೈಟರ್ಸ್ ರೂಮ್ ಅಂದರೆ ದಿನವಿಡೀ ಜೋಕ್ ಹೊಡೆಯುವ ಜಾಗ ಅಂತ ಸುಮಾರು ಜನ ಅಂದುಕೊಂಡಿದ್ದೀರಿ. ಜೋಕ್ ಬರುವುದು ತುಂಬಾ ತಡವಾಗಿ. ಈ ಪಾತ್ರಕ್ಕೆ ಈಗ ಏನು ಬೇಕು? ಅದು ಯಾಕೆ ಸಿಗುತ್ತಿಲ್ಲ? ಸಿಗೋಕೆ ಅಂತ ಅವನು ಮಾಡುವ ಯಾವ ಕೆಲಸದಿಂದ ವಿಷಯ ಇನ್ನೂ ಕೆಡುತ್ತದೆ? ಇಷ್ಟು ಬೋರ್ಡಿನ ಮೇಲೆ ಗಟ್ಟಿಯಾಗಿ ನಿಂತ ಮೇಲೆಯೇ ಡೈಲಾಗ್. ಇದಕ್ಕೆ ಅವರು ಸ್ಟೋರಿ ಬ್ರೇಕ್ ಮಾಡುವುದು ಅನ್ನುತ್ತಾರೆ, ಮತ್ತು ಕಷ್ಟವೆಲ್ಲ ಇರುವುದು ಇಲ್ಲೇ. ಕಥೆ ಸಡಿಲ ಇದ್ದರೆ ಎಂಥ ಜೋಕೂ ಅದನ್ನು ಎತ್ತಿ ನಿಲ್ಲಿಸುವುದಿಲ್ಲ.

ಪ್ರೇಕ್ಷಕರ ಮುಂದೆ ಶೂಟ್ ಆಗುವ ಶೋ ಆದರೆ ಆಮೇಲೆ ಐದು ದಿನದ ಓಟ. ಮೊದಲ ದಿನ ನಟರು ಟೇಬಲ್ ಸುತ್ತ ಕೂತು ಸ್ಕ್ರಿಪ್ಟ್ ಜೋರಾಗಿ ಓದುತ್ತಾರೆ, ಯಾವ ಸಾಲು ಸತ್ತಿತು ಅಂತ ಅಲ್ಲೇ ಕಿವಿಗೆ ಗೊತ್ತಾಗುತ್ತದೆ, ಸಂಜೆ ರೈಟರ್‌ಗಳು ರೂಮಿಗೆ ವಾಪಸ್ ಬಂದು ತಿದ್ದುತ್ತಾರೆ, ಮರುದಿನ ಸೆಟ್ಟಿನಲ್ಲಿ ರನ್‌ಥ್ರೂ ನೋಡಿ ರಾತ್ರಿ ಮತ್ತೆ ತಿದ್ದುತ್ತಾರೆ. ಕೊನೆಯ ದಿನ ಪ್ರೇಕ್ಷಕರು ಬಂದು ಕೂತ ಮೇಲೂ ಮುಗಿಯುವುದಿಲ್ಲ. ಒಂದು ಜೋಕಿಗೆ ಯಾರೂ ನಗಲಿಲ್ಲ ಅಂದರೆ ರೈಟರ್‌ಗಳು ಅಲ್ಲೇ ನೆಲದ ಮೇಲೆ ಗುಂಪು ಕಟ್ಟಿಕೊಂಡು ಹೊಸ ಸಾಲು ಹುಡುಕಿ ನಟನ ಕಿವಿಯಲ್ಲಿ ಹೇಳುತ್ತಾರೆ. ಮುಂದಿನ ಟೇಕಿನಲ್ಲಿ ಅದೇ ಹೋಗುತ್ತದೆ. ಇಷ್ಟೆಲ್ಲ ಆಗಿ ನಮಗೆ ಸಿಗುವುದು ಸುಮಾರು 22 ನಿಮಿಷ.

ಪ್ರಶ್ನೆ: ಹಿಂದಿನಿಂದ ಕೇಳುವ ನಗು ನಿಜವೋ ಸುಳ್ಳೋ?

ಉತ್ತರ: ಎರಡೂ ಇದೆ. 1951ರಲ್ಲಿ ಶುರುವಾದ ಐ ಲವ್ ಲೂಸಿ, ಮೂರು ಫಿಲ್ಮ್ ಕ್ಯಾಮೆರಾಗಳನ್ನು ಒಟ್ಟಿಗೆ ಓಡಿಸಿ ಪ್ರೇಕ್ಷಕರ ಮುಂದೆಯೇ ಶೂಟ್ ಆಗುತ್ತಿತ್ತು. ಅಲ್ಲಿಯ ನಗು ಕೂತವರ ನಗು. ಮುಂದೆ ಚಿಯರ್ಸ್, ಫ್ರೇಸಿಯರ್ ತರಹದವು ನಡೆದದ್ದೂ ಅದೇ ದಾರಿಯಲ್ಲಿ. ಇನ್ನೊಂದು ಕಡೆ 1950ರ ದಶಕದಲ್ಲಿ ಚಾರ್ಲ್ಸ್ ಡಗ್ಲಸ್ ಅನ್ನುವ ಸೌಂಡ್ ಎಂಜಿನಿಯರ್ ಒಂದು ಪೆಟ್ಟಿಗೆ ಮಾಡಿದರು, ಕೀಲಿ ಒತ್ತಿದರೆ ಬೇಕಾದ ನಗು ಬರುತ್ತಿತ್ತು. ಸಣ್ಣ ನಗು, ದೊಡ್ಡ ನಗು, ಅಲ್ಲೆಲ್ಲೋ ಒಬ್ಬಳೇ ನಕ್ಕ ಹಾಗೆ, ಎಲ್ಲ.

ನನಗೆ ತುಂಬಾ ಹಿಡಿಸುವ ವಿಷಯ ಮ್ಯಾಶ್ ಶೋದ್ದು. 1972ರಿಂದ 1983ರವರೆಗೆ ಬಂದ, ಕೊರಿಯಾ ಯುದ್ಧದ ಸೇನಾ ಆಸ್ಪತ್ರೆಯ ಕಥೆ. ಆ ಯುದ್ಧ ನಡೆದದ್ದು ಮೂರು ವರ್ಷ, ಶೋ ನಡೆದದ್ದು ಹನ್ನೊಂದು ಸೀಸನ್. ನಗು ಹಾಕಲೇಬೇಕು ಅಂತ ಚಾನೆಲ್ ಹಟ ಹಿಡಿಯಿತು. ಅದನ್ನು ಟಿವಿಗೆ ತಂದ ಲ್ಯಾರಿ ಗೆಲ್ಬಾರ್ಟ್‌ಗೆ ಬೇಡವಾಗಿತ್ತು. ಕೊನೆಗೆ ಒಂದು ಒಪ್ಪಂದಕ್ಕೆ ಬಂದರು: ಆಪರೇಷನ್ ಥಿಯೇಟರಿನ ದೃಶ್ಯಗಳಲ್ಲಿ ನಗು ಇರಬಾರದು. ಡಾಕ್ಟರುಗಳು ಅಲ್ಲೂ ಜೋಕ್ ಹೊಡೆಯುತ್ತಲೇ ಇರುತ್ತಾರೆ, ಆದರೆ ಯಾರೂ ನಗುವುದಿಲ್ಲ. ಅದೇ ತರಹದ ಮಾತು ಟೆಂಟಿನಲ್ಲಿ ಕೇಳಿದಾಗ ತಮಾಷೆ, ಇಲ್ಲಿ ಕೇಳಿದಾಗ ಭಯದಲ್ಲಿರುವವನ ಮಾತು. ಬ್ರಿಟನ್ನಿನಲ್ಲಿ ಬಿಬಿಸಿ ಇಡೀ ಶೋವನ್ನು ನಗು ತೆಗೆದೇ ಹಾಕಿತು. ಸಿಕ್ಕರೆ ಎರಡನ್ನೂ ನೋಡಿ, ಬೇರೆ ಬೇರೆ ಶೋ ಅನ್ನಿಸುತ್ತದೆ.

ಪ್ರಶ್ನೆ: ಎಐ ಬಂದ ಮೇಲೆ ರೈಟರ್ಸ್ ರೂಮ್ ಉಳಿಯುತ್ತಾ?

ಉತ್ತರ: 2023ರಲ್ಲಿ ಅಲ್ಲಿನ ಬರಹಗಾರರು 148 ದಿನ ಮುಷ್ಕರ ಮಾಡಿದ್ದಕ್ಕೆ ಈ ಭಯವೂ ಒಂದು ಕಾರಣ, ರೂಮುಗಳು ಚಿಕ್ಕದಾಗುತ್ತಿವೆ ಅನ್ನುವುದು ಇನ್ನೊಂದು. ಒಪ್ಪಂದದಲ್ಲಿ ಎರಡಕ್ಕೂ ಜಾಗ ಸಿಕ್ಕಿತು: ರೂಮಿನಲ್ಲಿ ಕನಿಷ್ಠ ಇಷ್ಟು ಜನ ಇರಬೇಕು ಅಂತ ಲೆಕ್ಕ, ಯಂತ್ರ ಬರೆದದ್ದನ್ನು ಬರಹಗಾರನ ಕೃತಿ ಅಂತ ಎಣಿಸಬಾರದು ಅಂತ ಷರತ್ತು. ಅವರು ಗಟ್ಟಿಯಾಗಿ ನಿಂತದ್ದು ಒಳ್ಳೆಯದಾಯಿತು.

ಪ್ರಶ್ನೆ: ಕಾಮಿಡಿಯನ್ನೂ ಬೇಸ್‌ಬಾಲನ್ನೂ ಒಂದೇ ಸಲ ಯಾಕೆ ಬರೆಯುತ್ತೀರಿ? ಸಂಬಂಧವೇ ಇಲ್ಲವಲ್ಲ.

ಉತ್ತರ: ಇದೆ, ಜಾಸ್ತಿಯೇ ಇದೆ. ಕೆನ್ ಲೆವಿನ್ ಅನ್ನುವವರು ತಮ್ಮ ಜೊತೆಗಾರ ಡೇವಿಡ್ ಐಸಾಕ್ಸ್ ಜೊತೆ ಸೇರಿ ಮ್ಯಾಶ್, ಚಿಯರ್ಸ್, ಫ್ರೇಸಿಯರ್ ಮೂರಕ್ಕೂ ಬರೆದವರು. ಅಷ್ಟು ಒಳ್ಳೆಯ ಕೆಲಸ ಕೈಯಲ್ಲಿದ್ದಾಗಲೇ ಅವರು ಲಾಸ್ ಏಂಜಲೀಸ್‌ನ ಸ್ಟೇಡಿಯಂನಲ್ಲಿ ಮೇಲಿನ ಸಾಲಿನಲ್ಲಿ ಟೇಪ್ ರೆಕಾರ್ಡರ್ ಹಿಡಿದು ಕೂತು, ತಮ್ಮಷ್ಟಕ್ಕೆ ಕಾಮೆಂಟರಿ ಹೇಳಿ ಅಭ್ಯಾಸ ಮಾಡಿದರು. ಆಮೇಲೆ ಮೈನರ್ ಲೀಗ್ ಅನ್ನುವ ಕೆಳಹಂತದ ತಂಡಗಳಿಗೆ ಹೇಳಿದರು, 1991ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್‌ನ ರೇಡಿಯೊ ಬೂತಿಗೆ ಹೋಗಿ ಕೂತರು. ಆಸೆ ಅಂದರೆ ಹೀಗಿರಬೇಕು.

ಬಾಬ್ ಯೂಕರ್ ಬಂದದ್ದು ಉಲ್ಟಾ ದಾರಿಯಲ್ಲಿ. ಕ್ಯಾಚರ್ ಆಗಿ, ಅಂದರೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವರಾಗಿ, ಆರು ಸೀಸನ್ ಆಡಿದರು, ಬ್ಯಾಟಿಂಗ್ ಸರಾಸರಿ .200, ಹೋಮ್ ರನ್ (ಚೆಂಡು ಬೇಲಿ ದಾಟಿಸುವ ಹೊಡೆತ) 14. ಅಷ್ಟೇನೂ ಒಳ್ಳೆಯ ಲೆಕ್ಕವಲ್ಲ. ಆದರೆ 1971ರಿಂದ 2024ರವರೆಗೆ ಮಿಲ್ವಾಕೀ ಬ್ರೂವರ್ಸ್‌ನ ದನಿ ಅಂದರೆ ಅವರೇ, ಮಧ್ಯದಲ್ಲಿ ಮಿಸ್ಟರ್ ಬೆಲ್ವಡೇರ್ ಅನ್ನುವ ಸಿಟ್‌ಕಾಮ್‌ನಲ್ಲಿ ಅಪ್ಪನ ಪಾತ್ರವನ್ನೂ ಮಾಡಿದರು. 2025ರ ಜನವರಿಯಲ್ಲಿ ತೀರಿಕೊಂಡರು. ಮಾತಿನ ನಡುವೆ ಎಲ್ಲಿ ನಿಲ್ಲಿಸಬೇಕು ಅಂತ ಅವರಷ್ಟು ತಿಳಿದವರು ಕಡಿಮೆ.

ಇನ್ನೊಂದು. ಚಿಯರ್ಸ್‌ನ ಬಾರ್ ಮಾಲೀಕ ಸ್ಯಾಮ್ ಮೊದಲು ಮಾಜಿ ಫುಟ್‌ಬಾಲ್ ಆಟಗಾರ ಆಗಬೇಕಿತ್ತು. ಟೆಡ್ ಡ್ಯಾನ್ಸನ್ ಆಯ್ಕೆಯಾದ ಮೇಲೆ, ಈ ಮೈಕಟ್ಟಿಗೆ ಬೇಸ್‌ಬಾಲ್ ಪಿಚರ್ (ಚೆಂಡು ಎಸೆಯುವವನು) ಸರಿ ಅಂತ ಬದಲಾಯಿಸಿದರು. ಹಾಗೆ ಅವನು ಬಾಸ್ಟನ್ ರೆಡ್ ಸಾಕ್ಸ್‌ನ ರಿಲೀಫ್ ಪಿಚರ್, ಅಂದರೆ ಆಟದ ನಡುವೆ ಬದಲಿಯಾಗಿ ಎಸೆಯಲು ಬರುವವನು, ಆದ.

ಪ್ರಶ್ನೆ: ಬೇಸ್‌ಬಾಲ್‌ನಲ್ಲಿ ಮುಕ್ಕಾಲು ಹೊತ್ತು ಏನೂ ನಡೆಯುವುದಿಲ್ಲ. ರೇಡಿಯೊದಲ್ಲಿ ಅದನ್ನು ಹೇಗೆ ಸಹಿಸುತ್ತಾರೆ?

ಉತ್ತರ: ಏನೂ ನಡೆಯದ ಆ ಹೊತ್ತೇ ರೇಡಿಯೊಗೆ ಸಿಕ್ಕ ವರ! ಒಂದು ಎಸೆತಕ್ಕೂ ಇನ್ನೊಂದಕ್ಕೂ ನಡುವೆ ಕಥೆ ಹೇಳಬಹುದು. ಒಬ್ಬ ಆಟಗಾರನ ಅಜ್ಜನ ವಿಷಯ ಶುರು ಮಾಡಿ, ನಡುವೆ ‘ಹೊರಗೆ ಹೋಯಿತು, ಎರಡನೇ ಬಾಲ್’ ಅಂದು, ಮತ್ತೆ ಅಜ್ಜನ ಹತ್ತಿರ ವಾಪಸ್ ಬರುವುದು. ಆ ಕಥೆ ಇನ್ನಿಂಗ್ಸ್ ಮುಗಿಯುವ ಮೊದಲು ಮುಗಿಯಬೇಕು. ಇದನ್ನು ಬರೆದು ಇಟ್ಟುಕೊಂಡು ಮಾಡೋಕೆ ಆಗುವುದಿಲ್ಲ.

1950ರಿಂದ 2016ರವರೆಗೆ, 67 ಸೀಸನ್, ಡಾಡ್ಜರ್ಸ್ ತಂಡಕ್ಕೆ ಕಾಮೆಂಟರಿ ಹೇಳಿದ ವಿನ್ ಸ್ಕಲ್ಲಿ ಇದರಲ್ಲಿ ಎಲ್ಲರಿಗಿಂತ ಮೇಲೆ. ಟಿವಿಯಲ್ಲಿ ಡಾಡ್ಜರ್ಸ್ ಆಟಗಳಿಗೆ ಪಕ್ಕದಲ್ಲಿ ಜೊತೆಗಾರ ಇಲ್ಲದೆ ಒಬ್ಬರೇ ಕೂತು ಕೇಳುವವರ ಹತ್ತಿರ ಮಾತಾಡುತ್ತಿದ್ದರು. ತಂಡ 1958ರಲ್ಲಿ ಬ್ರೂಕ್ಲಿನ್‌ನಿಂದ ಲಾಸ್ ಏಂಜಲೀಸ್‌ಗೆ ಬಂದಾಗ ಆಡಿದ್ದು ಕಲೋಸಿಯಂ ಅನ್ನುವ ಭಾರಿ ಮೈದಾನದಲ್ಲಿ. ದೂರದಲ್ಲಿ ಕೂತವರಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ, ಹಾಗಾಗಿ ಟ್ರಾನ್ಸಿಸ್ಟರ್ ತಂದು ಕಿವಿಗೆ ಹಿಡಿದು ಸ್ಕಲ್ಲಿ ಹೇಳಿದ್ದನ್ನು ಕೇಳುತ್ತಾ ಆಟ ನೋಡುತ್ತಿದ್ದರು. 1960ರಲ್ಲಿ ಒಂದು ದಿನ ಅಂಪೈರ್ ಒಬ್ಬರ ಹುಟ್ಟುಹಬ್ಬ ಅಂತ ಗೊತ್ತಾಗಿ, ನಾನು ಮೂರು ಎಣಿಸುತ್ತೇನೆ, ಎಲ್ಲರೂ ಕೂಗಿ ಅಂದರು. ಇಡೀ ಮೈದಾನ ಒಟ್ಟಿಗೆ ಹ್ಯಾಪಿ ಬರ್ತ್‌ಡೇ ಅಂತ ಕೂಗಿತು. ಈ ಪ್ರಸಂಗವನ್ನು ಎಷ್ಟು ಸಲ ಓದಿದರೂ ನನಗೆ ಮೈ ಜುಮ್ ಅನ್ನುತ್ತದೆ.

ಸ್ಕಲ್ಲಿಗೆ ಗುರು ರೆಡ್ ಬಾರ್ಬರ್. ಅವರು ಬೂತಿನಲ್ಲಿ ಮೊಟ್ಟೆ ಬೇಯಿಸುವ ಮೂರು ನಿಮಿಷದ ಮರಳು ಗಡಿಯಾರ ಇಟ್ಟುಕೊಳ್ಳುತ್ತಿದ್ದರು. ಮರಳು ಮುಗಿದಾಗ ಸ್ಕೋರ್ ಹೇಳಿ ಗಡಿಯಾರ ತಿರುಗಿಸುವುದು. ಈಗ ತಾನೇ ರೇಡಿಯೊ ಹಾಕಿದವನ ಮೇಲೆ ಎಷ್ಟು ಕಾಳಜಿ ನೋಡಿ.

2023ರಿಂದ ಪಿಚ್ ಕ್ಲಾಕ್, ಅಂದರೆ ಎಸೆತಕ್ಕೆ ಸಮಯದ ಮಿತಿ, ಬಂದಿದೆ. ಬೇಸ್‌ಗಳ ಮೇಲೆ ಓಡುವವರು ಯಾರೂ ಇಲ್ಲದಿದ್ದರೆ 15 ಸೆಕೆಂಡಿನಲ್ಲಿ ಎಸೆಯಬೇಕು. ಆಟ ಸರಾಸರಿ ಮೂರು ಗಂಟೆ ದಾಟುತ್ತಿದ್ದದ್ದು ಸುಮಾರು ಎರಡು ಗಂಟೆ ನಲವತ್ತು ನಿಮಿಷಕ್ಕೆ ಇಳಿದಿದೆ. ನೋಡುವವರಿಗೆ ಒಳ್ಳೆಯದೇ. ಆದರೆ ಅಜ್ಜನ ಕಥೆಗೆ ಜಾಗ ಕಡಿಮೆಯಾಯಿತು, ನನಗಂತೂ ಅದು ನಷ್ಟವೇ.

ಪ್ರಶ್ನೆ: ಅಧ್ಯಕ್ಷ ರೇಗನ್ ಆಟ ನೋಡದೆಯೇ ಕಾಮೆಂಟರಿ ಹೇಳುತ್ತಿದ್ದರಂತೆ, ಹೌದಾ?

ಉತ್ತರ: ಹೌದು. 1930ರ ದಶಕದಲ್ಲಿ ಆಯೋವಾದ ಡೆ ಮೊಯ್ನ್‌ನ ಒಂದು ರೇಡಿಯೊ ಸ್ಟೇಷನ್ನಿನಲ್ಲಿದ್ದಾಗ, ಶಿಕಾಗೊ ಕಬ್ಸ್ ಆಟದ ಟೆಲಿಗ್ರಾಫ್ ಚೀಟಿ ನೋಡಿಕೊಂಡು, ಎದುರಿಗೆ ಆಟ ನಡೆಯುತ್ತಿರುವ ಹಾಗೆ ಹೇಳುತ್ತಿದ್ದರು. ಆಗ ಸುಮಾರು ಸ್ಟೇಷನ್‌ಗಳು ಹೀಗೆ ಮಾಡುತ್ತಿದ್ದವು. ಒಂದು ದಿನ ಟೆಲಿಗ್ರಾಫ್ ಕೈಕೊಟ್ಟಿತು. ರೇಗನ್ ಬ್ಯಾಟರ್‌ನಿಂದ ಫೌಲ್ (ಗೆರೆಯ ಹೊರಗೆ ಹೋಗುವ ಹೊಡೆತ) ಮೇಲೆ ಫೌಲ್ ಹೊಡೆಸುತ್ತಾ ನಿಮಿಷಗಟ್ಟಲೆ ತಳ್ಳಿದರು, ಯಾಕೆಂದರೆ ಫೌಲ್ ಎಷ್ಟು ಹೊಡೆದರೂ ಸ್ಕೋರ್ ಬದಲಾಗುವುದಿಲ್ಲ. ಇದನ್ನು ಮುಂದೆ ಅವರೇ ತುಂಬಾ ಸಲ ಹೇಳಿಕೊಂಡಿದ್ದಾರೆ.

ಪ್ರಶ್ನೆ: ಪಿಚರ್ ಒಂದೂ ಹಿಟ್ ಕೊಡದೆ ಆಡುತ್ತಿದ್ದರೆ ಆ ಮಾತನ್ನು ಬಾಯಿಬಿಟ್ಟು ಹೇಳಬಾರದಂತೆ?

ಉತ್ತರ: ಅದೊಂದು ಹಳೆಯ ನಂಬಿಕೆ, ದೃಷ್ಟಿ ತಾಗುತ್ತದೆ ಅನ್ನುವ ಹಾಗೆ. ಹಿಟ್ ಅಂದರೆ ಬ್ಯಾಟರ್ ಚೆಂಡು ಹೊಡೆದು ಬೇಸ್ ತಲುಪುವುದು. 1947ರ ವರ್ಲ್ಡ್ ಸೀರೀಸ್ (ವರ್ಷದ ಫೈನಲ್ ಸರಣಿ) ನಾಲ್ಕನೇ ಆಟದಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ಬಿಲ್ ಬೆವೆನ್ಸ್ ಹಾಗೆ ಎಸೆಯುತ್ತಿದ್ದರು. ರೇಡಿಯೊದಲ್ಲಿ ರೆಡ್ ಬಾರ್ಬರ್ ಜೊತೆ ಕಾಮೆಂಟರಿ ಹೇಳುತ್ತಿದ್ದ ಮೆಲ್ ಅಲೆನ್ ಆ ಮಾತು ಎತ್ತಲಿಲ್ಲ, ಬಾರ್ಬರ್ ಮೈಕ್ ಹಿಡಿದ ಕೂಡಲೇ ಹೇಳಿದರು. ಕೊನೆಯ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಇಬ್ಬರು ಔಟಾಗಿ, ಇನ್ನೊಬ್ಬ ಔಟಾದರೆ ಆಟ ಮುಗಿಯುತ್ತಿದ್ದಾಗ ಹಿಟ್ ಬಂತು, ಯಾಂಕೀಸ್ ಸೋತಿತು. ಬಾರ್ಬರ್‌ಗೆ ಬೈದವರು ಸುಮಾರು ಜನ. ನನ್ನ ಪ್ರಕಾರ ಅವರು ಮಾಡಿದ್ದೇ ಸರಿ. ಮೈದಾನದಲ್ಲಿ ಏನು ನಡೆಯುತ್ತಿದೆ ಅಂತ ಕೇಳುವವನಿಗೆ ಗೊತ್ತಾಗದಿದ್ದರೆ ಕಾಮೆಂಟರಿ ಯಾಕೆ?

ಪ್ರಶ್ನೆ: ಹೆಂಗಸರು ಕಾಮೆಂಟರಿಯಲ್ಲಿ ಇದ್ದಾರಾ?

ಉತ್ತರ: ಇದ್ದಾರೆ, ತಡವಾಗಿ ಬಂದರು. ಸೂಜನ್ ವಾಲ್ಡ್‌ಮನ್ 2005ರಿಂದ ಯಾಂಕೀಸ್ ರೇಡಿಯೊದಲ್ಲಿದ್ದಾರೆ. 2024ರಲ್ಲಿ ಜೆನ್ನಿ ಕ್ಯಾವ್ನರ್ ಓಕ್ಲೆಂಡ್ ತಂಡದ ಮುಖ್ಯ ಕಾಮೆಂಟೇಟರ್ ಆದರು. ಮೇಜರ್ ಲೀಗ್‌ನಲ್ಲಿ ಆ ಜಾಗಕ್ಕೆ ಬಂದ ಮೊದಲ ಹೆಂಗಸು ಅವರು.

ಪ್ರಶ್ನೆ: ನನಗೆ ಸಿಟ್‌ಕಾಮ್ ಬರೆಯುವ ಆಸೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಇಷ್ಟವಾದ ಒಂದು ಎಪಿಸೋಡ್ ಹಾಕಿ. ಪ್ರತಿ ದೃಶ್ಯಕ್ಕೂ ನಿಲ್ಲಿಸಿ, ಯಾರಿಗೆ ಏನು ಬೇಕಿತ್ತು, ದೃಶ್ಯ ಮುಗಿದಾಗ ಏನು ಬದಲಾಯಿತು, ಎರಡೇ ಸಾಲು ಬರೆಯಿರಿ. ಹತ್ತು ಎಪಿಸೋಡ್ ಹೀಗೆ ಬಿಚ್ಚಿದರೆ ಕಥೆಯ ಎಲುಬು ಕಾಣುತ್ತದೆ. ಆಮೇಲೆ ನಿಮ್ಮದನ್ನು ಬರೆದು, ಗೆಳೆಯರನ್ನು ಕೂರಿಸಿ ಜೋರಾಗಿ ಓದಿಸಿ. ನೀವು ಓದಬೇಡಿ, ಸುಮ್ನೆ ಕೇಳಿ. ಪಾತ್ರದ ಹೆಸರು ಮುಚ್ಚಿದರೂ ಇದು ಯಾರ ಮಾತು ಅಂತ ಗೊತ್ತಾಗಬೇಕು. ಯಾರು ಬೇಕಾದರೂ ಹೇಳಬಹುದಾದ ಜೋಕ್ ಎಷ್ಟೇ ಚೆನ್ನಾಗಿದ್ದರೂ ತೆಗೆದುಬಿಡಿ. ನೋವಾಗುತ್ತದೆ, ಆದರೂ ತೆಗೆಯಿರಿ.

ಪ್ರಶ್ನೆ: ದೊಡ್ಡ ಕ್ಷಣ ಬಂದಾಗ ಕಾಮೆಂಟೇಟರ್ ಏನು ಹೇಳಬೇಕು? ಈಗಿನವರು ಬರೀ ಕಿರುಚುತ್ತಾರೆ.

ಉತ್ತರ: ಚೆಂಡು ಬೇಲಿ ದಾಟಿತು ಅಂತ ಹೇಳಬೇಕು, ಆಮೇಲೆ ಬಾಯಿ ಮುಚ್ಚಬೇಕು. 1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ ಹ್ಯಾಂಕ್ ಆರನ್ 715ನೇ ಹೋಮ್ ರನ್ ಹೊಡೆದು ಬೇಬ್ ರೂತ್ ದಾಖಲೆ ಮುರಿದಾಗ, ಸ್ಕಲ್ಲಿ ಅಷ್ಟು ಹೇಳಿ ಮೈಕ್ ಬಿಟ್ಟು ಬೂತಿನ ಹಿಂದಕ್ಕೆ ಹೋದರು. ಜನರ ಕೂಗು, ಪಟಾಕಿ, ಅಷ್ಟೇ ಕೇಳುತ್ತದೆ. ವಾಪಸ್ ಬಂದ ಮೇಲೆ ಹೇಳಿದ್ದು ಅಂಕಿಯ ಬಗ್ಗೆ ಅಲ್ಲ. ಅಮೆರಿಕದ ದಕ್ಷಿಣದಲ್ಲಿ ಒಬ್ಬ ಕಪ್ಪು ಮನುಷ್ಯನಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ, ಅದನ್ನು ಹೇಳಿದರು. ಆ ತನಕ ಆರನ್‌ಗೆ ಬಂದ ಬೆದರಿಕೆ ಪತ್ರಗಳಿಗೆ ಲೆಕ್ಕವಿರಲಿಲ್ಲ.

ಮೊದಲ ಸಲ ಕೇಳುವವರಿಗೆ ನಾನು ಹೇಳುವುದು ಇನ್ನೊಂದನ್ನು. 1965ರ ಸೆಪ್ಟೆಂಬರ್ 9, ಡಾಡ್ಜರ್ಸ್‌ಗೂ ಕಬ್ಸ್‌ಗೂ ಆಟ, ಡಾಡ್ಜರ್ಸ್ ಪಿಚರ್ ಸ್ಯಾಂಡಿ ಕೋಫ್ಯಾಕ್ಸ್‌ನ ಪರ್ಫೆಕ್ಟ್ ಗೇಮ್, ಅಂದರೆ ಎದುರಾಳಿಗಳಲ್ಲಿ ಒಬ್ಬನೂ ಬೇಸ್ ತಲುಪದ ಆಟ. ಡಾಡ್ಜರ್ಸ್‌ಗೆ ಸಿಕ್ಕದ್ದು ಇಡೀ ಆಟದಲ್ಲಿ ಒಂದೇ ಹಿಟ್, ಗೆದ್ದದ್ದು 1–0. ಒಂಬತ್ತನೇ ಇನ್ನಿಂಗ್ಸ್‌ನ ಧ್ವನಿಮುದ್ರಣ ಹುಡುಕಿ, ದೀಪ ಆರಿಸಿ ಕೇಳಿ. ಸ್ಕಲ್ಲಿ ನಡುನಡುವೆ ಗಂಟೆ ಎಷ್ಟು ಅಂತ ಹೇಳುತ್ತಾರೆ. ಕೋಫ್ಯಾಕ್ಸ್ ಮುಂದೆಂದಾದರೂ ಇದನ್ನು ಕೇಳುವಾಗ ಆ ಹೊತ್ತು ಅವನಿಗೆ ನೆನಪಿರಲಿ ಅಂತ. ಕೋಫ್ಯಾಕ್ಸ್ ಟೋಪಿ ಸರಿಮಾಡಿಕೊಳ್ಳುತ್ತಾನೆ, ಬೆವರು ಒರೆಸಿಕೊಳ್ಳುತ್ತಾನೆ, ಎಲ್ಲ ಕಣ್ಣಿಗೆ ಕಟ್ಟುತ್ತದೆ. ಕೊನೆಯ ಬ್ಯಾಟರ್ ಔಟ್. ಆಗ ರಾತ್ರಿ 9:46. ಅಲ್ಲಿಂದ 38 ಸೆಕೆಂಡ್ ಸ್ಕಲ್ಲಿ ಒಂದು ಮಾತೂ ಆಡುವುದಿಲ್ಲ, ಜನರ ಕೂಗಷ್ಟೇ ಇರುತ್ತದೆ. ಆ 38 ಸೆಕೆಂಡ್ ಪೂರ್ತಿ ಕೇಳಿ, ಮುಂದಕ್ಕೆ ಓಡಿಸಬೇಡಿ.